ಕೇಸ್ ಶೀಟಿನಲ್ಲಿಲ್ಲದ್ದು

ಹಾಸನದ ಸಾಲಗಾಮೆ ರಸ್ತೆಯ ನರ್ಸಿಂಗ್ ಕಾಲೇಜಿನಲ್ಲಿ
ಒಬ್ಬ ರಬ್ಬರಿನ ಮನುಷ್ಯನಿಗೆ
ಹನ್ನೊಂದು ವರ್ಷದಿಂದ ನಾನು ಬಾಯಿ.

ಹುಡುಗಿಯರು ಆ ಕಡೆ, ನಾನು ಈ ಕಡೆ, ನಡುವೆ ಗಾಜು;
ಅವರಿಗದು ಕನ್ನಡಿ, ನನಗೆ ಕಿಟಕಿ.
ಒಂದು ಗುಂಡಿಗೆ ಅವನ ಎದೆ ಡವಗುಟ್ಟುತ್ತದೆ,
ಇನ್ನೊಂದಕ್ಕೆ ತುಟಿ ನೀಲಿ.
ಮೈಕಿನಲ್ಲಿ ನರಳುವುದು ನನ್ನ ಕೆಲಸ:
"ಅಯ್ಯೋ ಸಿಸ್ಟರ್, ಎಡಗೈ ಸೆಳೀತದೆ..."
ಚೆನ್ನಾಗಿ ನರಳುತ್ತೀಯ ಅಂತ ಪ್ರಿನ್ಸಿಪಾಲರೇ ಮೆಚ್ಚಿದ್ದಾರೆ.

ಸೋಮವಾರ ಅವನು ದುದ್ದದ ಶಿವನಂಜಪ್ಪ, ಐವತ್ತೆಂಟು,
ಆಲೂಗಡ್ಡೆ ಬೇಸಾಯ, ದಿನಕ್ಕೊಂದು ಕಟ್ಟು ಬೀಡಿ.
ಗುರುವಾರ ಅರಕಲಗೂಡಿನ ಲಾರಿ ಕ್ಲೀನರು, ಹಾವು ಕಚ್ಚಿದೆ.
ಬೆಳಿಗ್ಗೆ ಒಂಬತ್ತೂವರೆಗೆ
ಐವತ್ತೆಂಟು ವರ್ಷದವನಾಗಿಯೇ ಹುಟ್ಟುತ್ತಾನೆ,
ಹಳೇ ಬೀಡಿಯ ಕೆಮ್ಮಿನ ಸಮೇತ.

ಒಂದು ಸೋಮವಾರ, ಶೆಟ್ಟಿಹಳ್ಳಿ ಕಡೆಯ ಫ್ಲೇವಿಯಾ
ಬಿ.ಪಿ. ಪಟ್ಟಿ ಸುತ್ತುತ್ತ ಸುಮ್ಮನೆ ಕೇಳಿದಳು:
"ನಿಮ್ಮ ಹೊಲದ ಬದುವಲ್ಲಿ ಯಾವ ಮರ ಐತೆ ಅಜ್ಜ?"
ಕೇಸ್ ಶೀಟು ತಿರುವಿದೆ. ಬರೆದಿರಲಿಲ್ಲ.
"ಮರ್ತೋಯ್ತು ಕಣವ್ವಾ" ಅಂದೆ.

ಅವತ್ತಿನ ರಾತ್ರಿಯಿಂದ ಶುರು.
ಅಪ್ಪನ ಸೈಕಲ್ಲಿಗೆ ಬೆಲ್ಲು ಇತ್ತೋ ಇಲ್ಲವೋ?
ಹೊಳೆನರಸೀಪುರದ ಬಾಡಿಗೆ ಮನೆಗೆ ಮೆಟ್ಟಿಲೆಷ್ಟು?
ಮರೆತೆನೋ, ಬರೆದಿರಲೇ ಇಲ್ಲವೋ?
ಒಳಗಿನಿಂದ ನೋಡಿದರೆ ಎರಡೂ ಒಂದೇ ಥರ ಖಾಲಿ.

ಹೊಲಿಗೆ ಎಲ್ಲಾದರೂ ಬಿಟ್ಟಿದೆಯಾ ಅಂತ ಹುಡುಕಿದೆ.
ಮಹಾರಾಜ ಪಾರ್ಕಿನ ಹತ್ತಿರ ನಡೆಯುತ್ತ ನಡೆಯುತ್ತ
ಗಕ್ಕನೆ ಹಿಂತಿರುಗಿದೆ,
ನಾನು ನೋಡದಾಗಲೂ ರಸ್ತೆ ಇರುತ್ತದೋ ಅಂತ.
ಇತ್ತು. ಕಡಲೆಕಾಯಿ ಹುರಿಯುವವನೂ ಇದ್ದ.
"ಏನ್ ಬೀಳಿಸ್ಕಂಡ್ರಿ ಸಾರ್?" ಅಂದ.
ಹತ್ತು ರೂಪಾಯಿಯದು ಕೊಂಡು ಒಂದೊಂದೇ ಸುಲಿದೆ:
ಒಂದು ಜೊಳ್ಳು, ಒಂದು ಕಹಿ, ಒಂದರೊಳಗೆ ಹುಳ.
ಸುಳ್ಳು ಲೋಕಕ್ಕೆ ಇಷ್ಟೊಂದು ಶ್ರಮ ಯಾರು ಪಡುತ್ತಾರೆ?
ಆಮೇಲೆ ನೆನಪಾಯಿತು, ನಾನೇ ಪಡುತ್ತೇನೆ.
ರಬ್ಬರಿನ ಹಣೆಗೆ ಗ್ಲಿಸರಿನ್ ಸವರಿ ಬೆವರು ಮಾಡುತ್ತೇನೆ,
ಹದಿನಾಲ್ಕು ಸಾವಿರ ಸಂಬಳಕ್ಕೆ.

ಜಯಶೀಲೆಗೆ ಹೇಳಿದೆ.
"ಎಲ್ಲಾ ಸುಳ್ಳು ಅನ್ನೋದಾದ್ರೆ
ಸಿಲಿಂಡರಿನವನು ಬಂದವ್ನೆ, ಅವನಿಗೂ ಒಂದು ಮಾತು ಹೇಳ್ಬಿಡಿ."

ಅವಳದ್ದಾಯಿತು. ನನ್ನ ಲೆಕ್ಕ ಬೇರೆ:
ಶಿವನಂಜಪ್ಪ ಒಂದು ದಿನ ಎದ್ದು ಕೂತು
"ನಾನು ರಬ್ಬರು, ಇದು ಹಾಸಿಗೆಯಲ್ಲ, ಆ ಕನ್ನಡಿ ಕನ್ನಡಿಯಲ್ಲ" ಅಂದನೆನ್ನಿ,
ಆ ಮಾತನ್ನೂ ನಾನೇ ಆಡಿಸಬೇಕು.
ಹಾಗಾದರೆ ಗೊತ್ತಾದದ್ದು ಯಾರಿಗೆ?

ಪರೀಕ್ಷೆಯ ದಿನ ಕರೆಂಟು ಹೋಯಿತು. ಯುಪಿಎಸ್ಸೂ ಕೈಕೊಟ್ಟಿತು.
ಅರ್ಧ ಉಬ್ಬಿದ ಎದೆ ಅರ್ಧದಲ್ಲೇ ನಿಂತಿತು.
ಏಳು ನಿಮಿಷ. ಅವನ ಪಾಲಿಗೆ ಅಂಥ ಏಳು ನಿಮಿಷವೇ ಇಲ್ಲ,
ಎಪ್ಪತ್ತೆರಡರ ಪಕ್ಕ ಎಪ್ಪತ್ತೆರಡು, ಅಷ್ಟೇ.
ನಮ್ಮನ್ನೂ ಯಾರಾದರೂ ಎರಡು ಬಡಿತದ ನಡುವೆ
ಸಾವಿರ ವರ್ಷ ನಿಲ್ಲಿಸಿಟ್ಟು ಊಟಕ್ಕೆ ಹೋಗಿದ್ದರೆ
ಯಾವ ಗಡಿಯಾರ ಚಾಡಿ ಹೇಳೀತು?

ಪರೀಕ್ಷಕರು ಸೆಖೆ ತಾಳದೆ ಕಾರಿಡಾರಿಗೆ ಹೋದರು.
ಫ್ಲೇವಿಯಾ ಹೋಗಲಿಲ್ಲ.
ಬಡಿಯದ ಮಣಿಕಟ್ಟು ಹಿಡಿದುಕೊಂಡೇ ಕೂತಿದ್ದಳು,
ಮಾರ್ಕು ಹಾಕುವವರು ಯಾರೂ ಇಲ್ಲದ ಕತ್ತಲಲ್ಲಿ.
"ಹೆದರ್ಬೇಡಿ ಅಜ್ಜ, ಇಲ್ಲೇ ಇದೀನಿ."

ಆ ಕಡೆ ದೀಪ ಆರಿದರೆ ಕನ್ನಡಿ ಬರೀ ಗಾಜಾಗುತ್ತದೆ,
ಹನ್ನೊಂದು ವರ್ಷ ಇದು ನನಗೆ ಗೊತ್ತಿರಲಿಲ್ಲ.
ನನ್ನ ಬೆನ್ನಿಗೆ ಕಿಟಕಿ, ಕಿಟಕಿಯಲ್ಲಿ ಮೂರು ಗಂಟೆಯ ಬಿಸಿಲು.
ತಲೆಯೆತ್ತಿದಳು. ನೇರ ನನ್ನ ಕಡೆಗೆ.
ಬೆಚ್ಚಲಿಲ್ಲ.

ಮೈಕು ಸತ್ತಿತ್ತು. ಆದರೂ ಬಾಯಿಬಿಟ್ಟು ಹೇಳಿದೆ:
"ಹೊಂಗೆ ಮರ ಕಣವ್ವಾ."

ಕರೆಂಟು ಬಂತು.